ಮುನೀಮರ ನಳಕ್ಕೆ ಬಂದ ಡಬ್ಬಿ

ನಮ್ಮ ಓಣಿಯ ಶಂಕರಲಿಂಗ ಮುನೀಮರ ಬಗ್ಗೆ ಬಸವಕಲ್ಯಾಣದಲ್ಲಿ ಇದುವರೆಗೆ ಯಾರೂ ನಾಲ್ಕು ಸಾಲು ಬರೆದಿಲ್ಲ. ಬರೆಯುವಂಥದ್ದನ್ನು ಅವರು ಏನೂ ಮಾಡಿರಲಿಲ್ಲ ಎಂಬುದು ಒಂದು ಕಾರಣ. ಆಮೇಲೆ ಅವರು ಒಂದೇ ಒಂದು ದೊಡ್ಡ ಕೆಲಸ ಮಾಡಿದರು, ಅದರಿಂದ ಓಣಿಯ ಅರ್ಧ ಮನೆಗಳ ಮಾನ ಹೋಯಿತು ಎಂಬುದು ಇನ್ನೊಂದು ಕಾರಣ. ಈಗ ಎಲ್ಲ ತಣ್ಣಗಾಗಿದೆ. ಅಗೆದ ರಸ್ತೆಯ ಮೇಲೆ ಡಾಂಬರೂ ಬಿದ್ದಿದೆ. ಆದ್ದರಿಂದ ಹೇಳಬಹುದು.

ಮುನೀಮರು ಎಂದರೆ ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ರೈತರ ಮಾಲನ್ನು ದಲಾಲಿಗೆ ಮಾರಿಸಿಕೊಡುವ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು. ತೊಗರಿಯ ಹಂಗಾಮಿನಲ್ಲಿ ಆ ಪೇಟೆ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಹಮಾಲರ ಕೂಗು, ಹರಾಜಿನ ಸವಾಲಿನ ಕೂಗು, ಚಹಾದವನ ಕೂಗು, ಇವೆಲ್ಲದರ ಮೇಲೆ ಹಣ ಸಿಗದ ರೈತನ ಕೂಗು. ಮುನೀಮರು ಆಯುಷ್ಯವೆಲ್ಲ ಆ ಗದ್ದಲದ ನಡುವೆ ಗಾದಿಯ ಮೇಲೆ ಕೂತು ಬಂದವರು. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ಮನೆ. ಮನೆಯಲ್ಲಿ ತಾಯಿ ಪಾರ್ವತಿಬಾಯಿ ಒಬ್ಬರೇ. ಮದುವೆ ಆಗಲಿಲ್ಲ. ಕನ್ಯೆ ನೋಡಲು ಹೋಗಿದ್ದರು, ಇಲ್ಲವೆಂದಲ್ಲ. ಹೋದ ಕಡೆಯೆಲ್ಲ ಕನ್ಯೆಯ ತಂದೆಯ ಜೊತೆ ತೊಗರಿಯ ಧಾರಣೆಯ ಬಗ್ಗೆ ಎಷ್ಟು ಮಾತಾಡಿದರೆಂದರೆ, ಕನ್ಯೆ ಒಳಗಿನಿಂದ ಬಂದು ಅವಲಕ್ಕಿ ಕೊಟ್ಟು ಹೋದದ್ದು ಅವರ ಗಮನಕ್ಕೇ ಬರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಅಡತಿ ಅಂಗಡಿ ಮುಚ್ಚಿತು. ಅದೇ ವರ್ಷ ತಾಯಿಯೂ ಹೋದರು. ಮುನೀಮರಿಗೆ ಆಗ ಮೊದಲ ಸಲ ತಮ್ಮ ಮನೆ ಎಷ್ಟು ಸಪ್ಪಳವಿಲ್ಲದ್ದು ಎಂದು ಗೊತ್ತಾಯಿತು. ರೇಡಿಯೋದಲ್ಲಿ ವಾರ್ತೆ ಓದುವವರು ನಮಸ್ಕಾರ ಅಂದರೆ ಇವರೂ ಎದ್ದು ಕೂತು ನಮಸ್ಕಾರ್ರಿ ಅನ್ನುತ್ತಿದ್ದರು. ಕಲಬುರಗಿಯ ಕೃಷಿ ಸಮಾಚಾರಕ್ಕೆ ನಡುನಡುವೆ ಹೌದ್ರಿ, ಖರೇ ಅದರಿ ಎಂದು ಒಪ್ಪಿಗೆ ಕೊಡುತ್ತಿದ್ದರು. ಎದುರು ಮನೆಯ ಖುರ್ಷೀದ್ ಬೇಗಂ ಇದನ್ನು ಕೇಳಿ, ಮುನೀಮರ ಮನೆಗೆ ದಿನವೂ ಯಾರೋ ನೆಂಟರು ಬರುತ್ತಾರೆಂದು ಬಹಳ ದಿನ ನಂಬಿದ್ದರು. ನಂಬಿದ್ದು ತಪ್ಪೆಂದು ತಿಳಿದಾಗ ಅವರಿಗೆ ಮರುಕವಾಗಿ ಒಂದು ಬಟ್ಟಲು ಶಾವಿಗೆ ಖೀರು ಕಳಿಸಿದರು.

ಮನೆ ಓಣಿಯ ಕಟ್ಟಕಡೆಗೆ, ಮುಡಬಿ ರಸ್ತೆಗೆ ತಾಗಿಕೊಂಡಿತ್ತು. ಅಂಗಳದ ಬೇವಿನ ಗಿಡದ ಕೆಳಗೆ ಪಾರ್ವತಿಬಾಯಿ ಬಹಳ ವರ್ಷಗಳಿಂದ ಒಂದು ಅರವಟಿಗೆ ಇಟ್ಟಿದ್ದರು. ದಾರಿಯವರು ಕುಡಿಯಲಿ ಎಂದು ದೊಡ್ಡ ಮಣ್ಣಿನ ಹರವಿ, ಅದರ ಸುತ್ತ ಒದ್ದೆ ಬಟ್ಟೆ, ಒಳಗೆ ಕಂಪಿಗೆ ಲಾವಂಚದ ಬೇರು. ಹರವಿಯ ಮುಚ್ಚಳದ ಮೇಲೆ ಒಂದು ಹಿತ್ತಾಳೆಯ ಲೋಟ. ಬೇವಿನ ಬೊಡ್ಡೆಗೆ ಹೊಡೆದ ಮೊಳೆಗೆ ತೂಗುಹಾಕಿದ ಒಂದು ಅಲ್ಯುಮಿನಿಯಂ ಲೋಟ. ಯಾವುದು ಯಾರಿಗೆ ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆಗ ಮುಡಬಿಯ ಆಟೋಗಳು ಅಲ್ಲೇ ನಿಲ್ಲುತ್ತಿದ್ದವು. ಜನ ಇಳಿದು ನೀರು ಕುಡಿದು, ಪಾರ್ವತಿಬಾಯಿಯ ಕೈಲಿ ಮೊಮ್ಮಕ್ಕಳ ಸುದ್ದಿಯಿಂದ ಹಿಡಿದು ಮೊಣಕಾಲು ನೋವಿನವರೆಗೆ ಎಲ್ಲ ಹೇಳಿ ಹೋಗುತ್ತಿದ್ದರು. ಆಮೇಲೆ ಆಟೋ ನಿಲ್ಲುವ ಜಾಗ ಮೇಲಿನ ಚೌಕಕ್ಕೆ ಹೋಯಿತು. ನೀರು ಪಾಕೀಟಿನಲ್ಲಿ ಬಂತು. ಮುನೀಮರು ದಿನವೂ ಬೆಳಿಗ್ಗೆ ಹರವಿ ತುಂಬುತ್ತಿದ್ದರು, ಸಂಜೆ ಆ ತುಂಬಿದ ಹರವಿಯನ್ನು ಹಾಗೆಯೇ ಬೇವಿನ ಬುಡಕ್ಕೆ ಸುರಿಯುತ್ತಿದ್ದರು. ಬೇವು ಮಾತ್ರ ಆ ವರ್ಷ ಚೆನ್ನಾಗಿ ಬೆಳೆಯಿತು.

ಹೀಗಿರುವಾಗ, ಮರುವರ್ಷದ ಬೇಸಿಗೆಯಲ್ಲಿ, ಪಕ್ಕದ ಕಿರಾಣಿ ಅಂಗಡಿಯ ಬಕ್ಕಪ್ಪ ಒಂದು ಸುದ್ದಿ ತಂದ. ಬಕ್ಕಪ್ಪನ ಅಂಗಡಿಯಲ್ಲಿ ಬೆಲ್ಲಕ್ಕಿಂತ ಸುದ್ದಿಯೇ ಹೆಚ್ಚು ಖರ್ಚಾಗುತ್ತಿತ್ತು. ನೀರಿನ ಕಚೇರಿಯವರು ನಳದ ನೀರು ಕೆಟ್ಟರೆ ಹೇಳುವ ಡಬ್ಬಿಗಳನ್ನು ತರಿಸಿದ್ದಾರಂತೆ. ನೀರು ಸರಿ ಇದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು ದೀಪ ಮತ್ತು ಕುಂಯ್ ಎಂಬ ಕೂಗು. ಊರಿಗೆಲ್ಲ ಬಂದಿರುವ ಡಬ್ಬಿಗಳು ಎರಡು ಮೂರೇ ಅಂತೆ. ಅದರಲ್ಲಿ ಒಂದು ನಮ್ಮ ಕಡೆ. ಯಾವ ಮನೆಯಲ್ಲಿ ಕೂಡಿಸಬೇಕೆಂದು ಸಾಹೇಬರು ಮನೆಮನೆಯ ನೀರಿನ ನಮೂನೆ ತೆಗೆದು ನೋಡಿ ಆರಿಸುತ್ತಾರಂತೆ.

"ಬ್ಯಾಡಾದ ಕಿರಿಕಿರಿ ಮುನೀಮ್ರೇ," ಅಂದ ಬಕ್ಕಪ್ಪ. "ಅದನ್ನ ನೋಡಾಕ ದಿನಾ ಮುಂಜಾನಿ ಒಬ್ಬ ಮನಿಗಿ ಬರ್ತಾನಂತ."

ಮುನೀಮರು ಕೈಯಲ್ಲಿದ್ದ ಸಕ್ಕರೆಯ ಪುಡಿಕೆಯನ್ನು ಅಲ್ಲೇ ಕಟ್ಟೆಯ ಮೇಲೆ ಇಟ್ಟು, ಅದನ್ನು ಮರೆತು ಮನೆಗೆ ಬಂದರು. ದಿನಾ ಮುಂಜಾನೆ ಒಬ್ಬ ಮನಿಗಿ ಬರ್ತಾನ. ಬೇರೆ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ. ಆ ಡಬ್ಬಿ ತಮ್ಮ ಮನೆಗೇ ಬರಬೇಕು ಎಂದು ಅವರು ಆ ಕ್ಷಣವೇ ನಿಶ್ಚಯಿಸಿದರು. ಈ ಜನ್ಮದಲ್ಲಿ ಅವರು ಏನನ್ನಾದರೂ ಅಷ್ಟು ಆಸೆಪಟ್ಟಿದ್ದು ಅದೇ ಮೊದಲು.

ಇಲ್ಲಿ ಓದುಗರು ಮುನೀಮರ ಕಸುಬನ್ನು ನೆನೆಯಬೇಕು. ಧಾನ್ಯದ ಪೇಟೆಯಲ್ಲಿ ನಮೂನೆ ಎಂದರೆ ಏನು? ಖರೀದಿದಾರ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಈಚೆ ತೆಗೆಯುತ್ತಾನೆ, ಅಂಗೈಯಲ್ಲಿ ಹರಡಿ ನೋಡುತ್ತಾನೆ, ಎಲ್ಲಕ್ಕಿಂತ ಒಳ್ಳೆಯ ಕಾಳಿಗೆ ಎಲ್ಲಕ್ಕಿಂತ ಮೇಲಿನ ಸವಾಲು ಕೂಗುತ್ತಾನೆ. ಒಳ್ಳೆಯ ನಮೂನೆ ಗೆಲ್ಲುತ್ತದೆ. ಹುಮನಾಬಾದಿನಲ್ಲಿ ಇದಕ್ಕೆ ಅಪವಾದ ಇರಲಿಲ್ಲ. ಆದ್ದರಿಂದ ಡಬ್ಬಿಯೂ ಒಳ್ಳೆಯ ನೀರಿನ ಮನೆಗೇ ಹೋಗುತ್ತದೆ ಎಂಬುದರಲ್ಲಿ ಮುನೀಮರಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಇನ್ನು ಚೀಲದ ಬಾಯಿಗೆ ನಾಲ್ಕು ಸೇರು ಚೆಂದದ ತೊಗರಿ ಸುರಿದು ಒಳಗಿನದನ್ನು ಮರೆಮಾಡುವ ವಿದ್ಯೆ ಇದೆಯಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನೀರಿನ ಚೀಲದ ಬಾಯಿ ಎಂದರೆ ನಳ.

ತೆಳ್ಳನೆಯ ಮಲ್ಲಿನ ಬಟ್ಟೆಯಲ್ಲಿ ತಾಯಿಯ ಡಬ್ಬದಲ್ಲಿ ಉಳಿದಿದ್ದ ಲಾವಂಚ, ನೀರು ತಿಳಿಯಾಗಿಸುವ ಒಂದು ಚೂರು ಫಟಕಿ, ಒಂದಿಷ್ಟು ತುಳಸಿ ಇಟ್ಟು ಗಂಟು ಕಟ್ಟಿದರು. ಅತ್ತರಿನ ಅಂಗಡಿಗೆ ಹೋಗಿ ಕೇವಡಾ ಎಂಬ ಕೇದಗೆಯ ಅತ್ತರು ತಂದು ಅದರ ಮೇಲೆ ಸುರಿದರು. ಅಂಗಳದ ನಳವನ್ನು ತಿರುಪು ತಿರುಗಿಸುವ ಪಾನಾ ಹಾಕಿ ಬಿಚ್ಚಿ, ಕೊಳವೆಯೊಳಗೆ ಆ ಗಂಟನ್ನು ತುರುಕಿ, ಮತ್ತೆ ನಳ ತಿರುಗಿಸಿದರು. ನಮ್ಮಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ ಬರುತ್ತದೆ. ಆ ನಾಲ್ಕು ದಿನ ಗಂಟು ಕೊಳವೆಯೊಳಗೆ ಚೆನ್ನಾಗಿ ನೆನೆಯಿತು.

ನೀರು ಬಂದ ದಿನ ಎಂಜಿನಿಯರು ಗುರುನಾಥ ಸಾಹೇಬರು ಹುಮನಾಬಾದಿನಿಂದ ಜೀಪಿನಲ್ಲಿ ಬಂದರು. ಹರೆಯದವರು, ಪುಣೆಯಲ್ಲಿ ಈ ಡಬ್ಬಿಗಳ ಬಗ್ಗೆಯೇ ತರಬೇತಿ ಮುಗಿಸಿ ಬಂದಿದ್ದರು, ಹೀಗಾಗಿ ಮುಖದ ಮೇಲೆ ನಗು ಇರಲಿಲ್ಲ. ಪ್ರತಿ ಮನೆಯ ನೀರನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಹಿಡಿದು ಒಂದು ಔಷಧದ ಹನಿ ಬಿಡುತ್ತಿದ್ದರು. ಬಕ್ಕಪ್ಪನ ಮನೆಯ ನೀರು ಹಳದಿಯಾಯಿತು. ಖುರ್ಷೀದ್ ಬೇಗಂ ಮನೆಯದೂ ಹಳದಿ. ಓಣಿಯ ಎಲ್ಲ ನೀರೂ ಹಳದಿ. ಮುನೀಮರ ನೀರಿಗೆ ಹನಿ ಬಿದ್ದರೆ ಅದು ಬೆಳ್ಳಗೆ ಹಾಗೆಯೇ ನಿಂತಿತು.

ಸಾಹೇಬರು ನಳಿಗೆ ಅಲ್ಲಾಡಿಸಿದರು. ಇನ್ನೊಂದು ಹನಿ ಬಿಟ್ಟರು. ಮೂಸಿ ನೋಡಿ ಹುಬ್ಬು ಗಂಟಿಕ್ಕಿದರು. ಇನ್ನೊಮ್ಮೆ ನಮೂನೆ ತೆಗೆದರು. ಮುನೀಮರು ಕೈಕಟ್ಟಿ ನಿಂತು, ತಮ್ಮ ಹೆಮ್ಮೆ ಮುಖದ ಮೇಲೆ ಕಾಣದಂತೆ ನೆಲ ನೋಡುತ್ತಿದ್ದರು. ಓಣಿಯ ಉಳಿದ ನೀರಿಗೆಲ್ಲ ಕಾಮಣಿ ರೋಗ ಆದಂತೆ ಹಳದಿ, ತಮ್ಮದೊಂದೇ ಶುಭ್ರ. ಹಳದಿಯಾದರೆ ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಉಳಿದಿದೆ ಎಂದೂ, ಬೆಳ್ಳಗೆ ನಿಂತರೆ ಯಾವುದೋ ಹೊಲಸು ಅದನ್ನು ತಿಂದುಹಾಕಿದೆ ಎಂದೂ ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಕ್ಲೋರಿನ್ನನ್ನು ತಿಂದದ್ದು ಪಾರ್ವತಿಬಾಯಿಯ ಲಾವಂಚ ಎಂದು ಸಾಹೇಬರಿಗೂ ಗೊತ್ತಿರಲಿಲ್ಲ. ಡಬ್ಬಿ ಇಲ್ಲೇ ಕೂಡಬೇಕು, ಬೇರೆ ಮನೆ ನೋಡುವುದೇ ಬೇಡ ಎಂದು ಹೇಳಿ ಅವರು ಜೀಪು ಹತ್ತಿದರು.

ಆ ಸಂಜೆ ಮುನೀಮರು ಓಣಿಗೆಲ್ಲ ಪೇಢೆ ಹಂಚಿದರು. ನಮ್ಮ ನೀರು ಪಹಿಲಾ ನಂಬರ್ ಬಂತು ಎಂದು ಮನೆಮನೆಗೆ ಹೋಗಿ ಹೇಳಿದರು. ಖುರ್ಷೀದ್ ಬೇಗಂ ಮುಬಾರಕ್ ಹೇಳಿ, ಅಮ್ಮೀಜಾನ್ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮುನೀಮರಿಗೂ ಕಣ್ಣು ತುಂಬಿತು. ಬಕ್ಕಪ್ಪ ಪೇಢೆ ತಿಂದ, ಆದರೆ ಅದು ಅವನಿಗೆ ಇಳಿಯಲಿಲ್ಲ. ಎರಡೂ ಮನೆಗೆ ಬರುವುದು ಒಂದೇ ಕೊಳವೆಯ ನೀರು. ಅಂದಮೇಲೆ ಮುನೀಮರ ನೀರು ಮೊದಲನೆಯದು, ತನ್ನ ನೀರು ಲೆಕ್ಕಕ್ಕೇ ಇಲ್ಲ ಎಂದರೆ ಯಾವ ಅಂಗಡಿಕಾರ ಸಹಿಸುತ್ತಾನೆ?

ಡಬ್ಬಿ ಕೂಡಿಸಲು ಬಂದ ದಿನ ಬಕ್ಕಪ್ಪ ಎಲ್ಲರ ಎದುರಿಗೆ ಸಾಹೇಬರನ್ನು ತಡೆದು ಕೇಳಿಯೇಬಿಟ್ಟ. ನನ್ನ ಮನೆಯ ನೀರಿಗೆ ಏನಾಗಿದೆ, ನನಗೆ ಯಾಕೆ ಡಬ್ಬಿ ಇಲ್ಲ ಎಂದ. ಸಾಹೇಬರು ಗೋಡೆಗೆ ಮೊಳೆ ಹೊಡೆಯುವುದನ್ನು ನೋಡುತ್ತಲೇ ಬಿಡಿಸಿ ಹೇಳಿದರು.

"ನಿಮ್ದು ಛಲೋ ಅದರಿ. ಛಲೋ ಇದ್ದಲ್ಲಿ ಡಬ್ಬಿ ಯಾಕ ಬೇಕು? ನೀರಿನ ಟಾಕಿ ಹತ್ರ ಕೂಡಿಸಿದ್ರ ಲಗೂ ಗೊತ್ತಾಗ್ತದ, ಆದ್ರ ಮುಂದ ಓಣ್ಯಾಗ ಸೇರೂ ಹೊಲಸು ಕಾಣಂಗಿಲ್ಲ. ಓಣಿ ತುದೀಗಿ ಕೂಡಿಸಿದ್ರ ಎಲ್ಲಾ ಕಾಣ್ತದ, ಆದ್ರ ಅಷ್ಟೊತ್ತಿಗಿ ಮಂದಿ ಕುಡದಿರ್ತಾರ. ಅದಕ್ಕ ಭಾಳ ವಿಚಾರ ಮಾಡಬೇಕಾಗ್ತದ. ಇಲ್ಲಿ ಮಾತ್ರ ವಿಚಾರನೇ ಬರಲಿಲ್ಲ. ಊರಾಗ ನಾ ನೋಡಿದ್ದರಾಗ ಎಲ್ಲಕ್ಕಿಂತ ಕೆಟ್ಟ ನೀರು ಇವರ್ದೇ."

ಓಣಿಯವರು ಒಬ್ಬೊಬ್ಬರೇ ತಮ್ಮ ಬಾಯಿಯನ್ನು ಒಳಗಿನಿಂದ ನಾಲಿಗೆಯಲ್ಲಿ ಮುಟ್ಟಿ ನೋಡಿಕೊಂಡರು. ಅಂದು ತಿಂದ ಪೇಢೆ ಅಂಗಡಿಯದು, ನೀರು ಮುಟ್ಟಿದ್ದಲ್ಲ. ಆದರೂ ಬಕ್ಕಪ್ಪ ಬೀದಿಯಲ್ಲೇ ಉಗುಳಿದ.

ಅಂದಿನಿಂದ ಮುನೀಮರ ಮನೆಯ ಕಡೆಗೆ ಇದ್ದ ಸ್ವಲ್ಪ ಓಡಾಟವೂ ನಿಂತಿತು. ಹಾಲಿನವನು ಪಾತ್ರೆಯನ್ನು ಗೇಟಿನ ಹೊರಗೇ ಇಡಿಸಿ ಎತ್ತರದಿಂದ ಹಾಲು ಹೊಯ್ದ. ಖುರ್ಷೀದ್ ಬೇಗಂ ಖೀರು ಕಳಿಸಿದ್ದ ಬಟ್ಟಲನ್ನು ಮುನೀಮರು ತೊಳೆದು ಮರಳಿಸಲು ಹೋದರೆ, ಯಾವ ನೀರಿನಿಂದ ತೊಳೆದಿರಿ ಎಂದು ಬಾಗಿಲ ಸಂದಿಯಿಂದ ಕೇಳಿ, ಇರಲಿ ಬಿಡಿ ನಿಮಗೇ ಇರಲಿ ಅಂದರು. ಮುನೀಮರಿಗೆ ಮದುವೆಯಾಗದಿದ್ದಕ್ಕೂ ಈ ನೀರೇ ಕಾರಣ ಎಂದು ಬಕ್ಕಪ್ಪ ಅಂಗಡಿಯಲ್ಲಿ ಸಿದ್ಧಮಾಡಿ ತೋರಿಸಿದ. ಕನ್ಯೆಯ ಕಡೆಯವರು ಮನೆ ನೋಡಲು ಬಂದಾಗ ನೀರು ಕುಡಿದಿರಬೇಕು ಎಂಬುದು ಅವನ ವಾದ. ಯಾರ ಕಡೆಯವರೂ ಮನೆ ನೋಡಲು ಬಂದೇ ಇರಲಿಲ್ಲ ಎಂದು ಮುನೀಮರು ಹೇಳಬಹುದಿತ್ತು, ಆದರೆ ಅದನ್ನು ಕೇಳಲೂ ಯಾರೂ ನಿಲ್ಲುತ್ತಿರಲಿಲ್ಲ.

ಇಷ್ಟಾದರೂ ಮುನೀಮರು ಕುಗ್ಗಲಿಲ್ಲ. ಯಾಕೆಂದರೆ ಡಬ್ಬಿ ಗೋಡೆಯ ಮೇಲಿತ್ತು, ಅದನ್ನು ನೋಡಲು ಬರುವವರು ಬರಲೇಬೇಕಿತ್ತು. ನಳದೊಳಗಿನ ಗಂಟನ್ನು ಅವರು ಅಂದೇ ತೆಗೆದು ಒಣಗಿಸಿ ಇಟ್ಟಿದ್ದರು. ಗೆದ್ದಾದ ಮೇಲೆ ಚೀಲದ ಬಾಯಿಯ ಕಾಳನ್ನು ತೆಗೆದಿಡುವುದು ಕಸುಬಿನ ಪದ್ಧತಿ.

ಬಂದವರ ಹೆಸರು ದೇವಿದಾಸ. ಮೋರಖಂಡಿಯವರು. ನೀರಿನ ಕಚೇರಿಯಲ್ಲಿ ಕೊಳವೆಯ ಕೆಲಸ ಮಾಡಿ ಮಾಡಿ ತಲೆ ನರೆತಿತ್ತು. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ದಿನವೂ ಡಬ್ಬಿ ನೋಡಬೇಕೆಂಬ ಅಪ್ಪಣೆ ಮೇಲಿನಿಂದ ಬಂದಿತ್ತು, ಹೀಗಾಗಿ ಅವರು ದಿನವೂ ಸೈಕಲ್ ಮೇಲೆ ಬಂದು, ನೀರಿಲ್ಲದ ದಿನ ನೀರಿಲ್ಲ ಎಂದು ಬರೆದುಕೊಂಡು ಹೋಗುತ್ತಿದ್ದರು. ಮುನೀಮರು ಮೊದಲ ದಿನ ಬೆಳಗಾಗುವ ಮೊದಲೇ ಎದ್ದು ಅಂಗಳ ಗುಡಿಸಿ, ಸ್ಟೂಲು ಹಾಕಿ, ಮಾತಾಡಲು ಒಂದಷ್ಟು ವಿಷಯ ನೆನಪಿಟ್ಟುಕೊಂಡು ಕಾದಿದ್ದರು. ಬರ್ರಿ, ಕೂಡ್ರಿ ಅಂದರು. ಯಾವೂರು, ಊರಲ್ಲಿ ಯಾವ ಕಡೆ ಮನೆ, ಯಾರ ಪೈಕಿ ಎಂದು ನಮ್ಮ ಕಡೆ ಎಲ್ಲರೂ ಕೇಳುವುದನ್ನೆಲ್ಲ ಕೇಳಿದರು. ದೇವಿದಾಸರು ಎಲ್ಲಕ್ಕೂ ಚುಟುಕಾಗಿ ಉತ್ತರ ಹೇಳಿದರು. ಮುನೀಮರು ಬಹಳ ಪ್ರೀತಿಯಿಂದ ಬೇವಿನ ಮೊಳೆಯ ಲೋಟ ತೆಗೆದು, ಚೆನ್ನಾಗಿ ತೊಳೆದು, ತಣ್ಣನೆ ನೀರು ತಂದುಕೊಟ್ಟರು.

"ಬ್ಯಾಡ್ರಿ. ಬಾಟ್ಲಿ ಅದ," ಎಂದು ದೇವಿದಾಸರು ಸೈಕಲ್ ಹತ್ತಿದರು. ಹೋಗುವಾಗ ನಮ್ಮ ಕಡೆ ಯಾರಾದರೂ ಬರ್ತೀನ್ರಿ ಎಂದು ಹೇಳಿ ಹೋಗುತ್ತಾರೆ. ಸಾಲ ಕೇಳಲು ಬಂದವನೂ ಹೇಳಿ ಹೋಗುತ್ತಾನೆ. ದೇವಿದಾಸರು ಹೇಳಲಿಲ್ಲ.

ಮರುದಿನವೂ ಹಾಗೆಯೇ ಆಯಿತು. ಮುನೀಮರು ನೀರು ತರುವುದು, ಅವರು ಬಾಟ್ಲಿ ಇದೆ ಎನ್ನುವುದು, ಸೈಕಲ್ ಹೋಗುವುದು. ಮುನೀಮರು ಲಾವಂಚ ಹೆಚ್ಚು ಹಾಕಿ ನೋಡಿದರು, ಹರವಿ ಬದಲಿಸಿ ನೋಡಿದರು. ನೀರು ಪರೀಕ್ಷೆ ಮಾಡುವ ಮನುಷ್ಯನೇ ಕುಡಿಯುವುದಿಲ್ಲ ಎಂದರೆ ನಿಜವಾಗಿಯೂ ತಮ್ಮ ನೀರು ಕೆಟ್ಟಿರಬೇಕು ಎಂದು ಈಗ ಅವರಿಗೂ ಅನ್ನಿಸಿತು. ಆದರೂ ಅವರು ಸಿಟ್ಟಾಗಲಿಲ್ಲ. ಆ ಎರಡು ನಿಮಿಷಕ್ಕಾಗಿ ಉಳಿದ ಇಡೀ ದಿನವನ್ನು ಕಳೆಯುವುದು ಅವರಿಗೆ ರೂಢಿಯಾಗಿತ್ತು.

ಅಷ್ಟರಲ್ಲಿ ಡಬ್ಬಿ ತನ್ನ ಕೆಲಸ ತಾನು ಮಾಡಿತು. ನೀರು ಬಂದ ದಿನವೆಲ್ಲ ಹಸಿರು ದೀಪ ತೋರಿಸಿತು. ಗುರುನಾಥ ಸಾಹೇಬರು ಒಂದು ದಿನ ಬಂದು, ಡಬ್ಬಿಯನ್ನು ತಟ್ಟಿ, ತಂತಿ ಎಳೆದು ನೋಡಿ ಮುಖ ಸಣ್ಣ ಮಾಡಿಕೊಂಡರು. ಇಂಥ ಒಳ್ಳೆಯ ನೀರು ಕಾಯಲು ಇಂಥ ತುಟ್ಟಿಯ ಡಬ್ಬಿ ಯಾಕೆ ಎಂದು ಮೇಲಿನವರು ಕೇಳುತ್ತಿದ್ದಾರೆ, ಬರುವ ವಾರ ಬೇರೆ ಕಡೆ ಒಯ್ಯುತ್ತೇವೆ ಅಂದರು. ಮುನೀಮರು ತಿರುಗಿ ಮನೆಯೊಳಗೆ ನೋಡಿದರು. ಮಸಿ ಹಿಡಿದ ಹಣತೆಯಿಟ್ಟ ಗೂಡು, ನಿಂತ ಗಡಿಯಾರ, ರೇಡಿಯೋ, ತಾವು. ಡಬ್ಬಿ ಹೋದರೆ ಆ ಮನೆಯಲ್ಲಿ ಮತ್ತೆ ಅಷ್ಟೇ ಉಳಿಯುತ್ತಿತ್ತು.

ಈಗ ಅವರಿಗೆ ಈ ಪೇಟೆಯ ನಿಯಮ ಅರ್ಥವಾಗಿತ್ತು. ಇಲ್ಲಿ ಕೆಟ್ಟ ಮಾಲಿಗೇ ಮೇಲಿನ ಸವಾಲು. ಅವರು ಒಣಗಿಸಿಟ್ಟ ಗಂಟನ್ನು ಬಿಚ್ಚಿ, ಲಾವಂಚ ಎರಡರಷ್ಟು ತುಂಬಿ, ಉಳಿದ ಕೇವಡಾ ಪೂರ್ತಿ ಸುರಿದು ಮತ್ತೆ ಕೊಳವೆಗೆ ತುರುಕಿದರು. ಅವಸರಕ್ಕೆ ನಳ ಎರಡು ಸಲ ಸೊಟ್ಟ ಕೂತಿತು.

ನೀರು ಬಂತು. ಡಬ್ಬಿ ಕೆಂಪಾಯಿತು. ಕುಂಯ್ ಎಂದು ಕೂಗಿದ್ದು ಚೌಕದ ಆಟೋದವರಿಗೂ ಕೇಳಿಸಿತು.

ಮುಂದೆ ಆದದ್ದನ್ನು ಮುನೀಮರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸಾಹೇಬರು ಊರ ಅರ್ಧ ಭಾಗದ ನೀರು ನಿಲ್ಲಿಸಿದರು. ಟ್ಯಾಂಕರ್ ಬಂತು. ಕೊಡಗಳ ಜಗಳ ಶುರುವಾಯಿತು. ಹೊಲಸು ಎಲ್ಲೋ ಮೇಲೆ ಸೇರಿ ಈ ತುದಿಗೆ ಬಂದು ಬೀಳುತ್ತಿದೆ ಎಂದು ಸಾಹೇಬರು ರಸ್ತೆಯ ಮೇಲೆ ಸುಣ್ಣದ ಗೆರೆ ಎಳೆದು, ಮುನೀಮರ ಮನೆಯಿಂದ ಚೌಕದವರೆಗೆ ಓಣಿಯನ್ನು ಉದ್ದಕ್ಕೂ ಅಗೆಸಿದರು. ಅಗೆದಂತೆಲ್ಲ ಓಣಿಯ ಹೊಟ್ಟೆಯಲ್ಲಿದ್ದದ್ದು ಹೊರಗೆ ಬಂತು. ಬಕ್ಕಪ್ಪ ಬೆಲ್ಲದ ಪೆಟ್ಟಿಗೆಗಳ ಹಿಂದೆ ಕೊಳವೆಗೆ ನೇರವಾಗಿ ಮೋಟಾರು ಕೂಡಿಸಿ ಓಣಿಯ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದದ್ದು ಸಿಕ್ಕಿತು. ಖುರ್ಷೀದ್ ಬೇಗಂ ಮನೆಗೆ ಲೆಕ್ಕದಲ್ಲಿಲ್ಲದ ಇನ್ನೊಂದು ನಳ ಸಿಕ್ಕಿತು. ಅದು ತಮ್ಮ ಗಂಡನ ಕಾಲದ್ದು, ಗಂಡ ಈಗ ಇಲ್ಲ, ಹೋಗಿ ಅವರನ್ನೇ ಕೇಳಿ ಎಂದು ಅವರು ಸಾಹೇಬರಿಗೆ ಗಂಭೀರವಾಗಿ ಹೇಳಿದರು. ಕಡೆಗೆ ಚೌಕದಲ್ಲಿ ಚರಂಡಿಯ ಕೆಳಗೆ ಹಾಯುವ ಕೊಳವೆಯ ಜೋಡಣೆ ತುಕ್ಕು ಹಿಡಿದು ಬಾಯಿಬಿಟ್ಟದ್ದೂ ಸಿಕ್ಕಿತು. ಇಂದಲ್ಲ ನಾಳೆ ಚರಂಡಿ ಅದರೊಳಗೆ ಇಳಿಯುವುದಿತ್ತು.

ಸಾಹೇಬರು ಹಿಗ್ಗಿದರು. ಡಬ್ಬಿ ಇಟ್ಟ ಜಾಗದ ಮಹಿಮೆ ಎಂದು ಬೀದರಿಗೆ ಫೋನ್ ಮಾಡಿದರು. ದೊಡ್ಡ ಸಾಹೇಬರು ಸ್ವತಃ ಬಂದು ಮುನೀಮರ ನಳದಲ್ಲಿ ಪರೀಕ್ಷೆ ನೋಡುವುದೆಂದು ಗೊತ್ತಾಯಿತು. ಅದಕ್ಕೆ ಮುಂಚಿನ ದಿನ ನಳ ಬಿಚ್ಚಿ ಸ್ವಚ್ಛ ಮಾಡಿಡಲು ದೇವಿದಾಸರಿಗೆ ಹೇಳಿದರು.

ದೇವಿದಾಸರು ಪಾನಾ ಹಿಡಿದು ನಳದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮುನೀಮರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಗಾಬರಿಯಲ್ಲಿ ಅವರು ದಿನದ ಕೆಲಸವನ್ನೇ ಮಾಡಿದರು. ಲೋಟ ತೊಳೆದು ನೀರು ತುಂಬಿ ತಂದು ನಿಂತರು. ಅಷ್ಟು ಹೊತ್ತಿಗೆ ದೇವಿದಾಸರ ಬೆರಳಿಗೆ ಬಟ್ಟೆಯ ತುದಿ ಸಿಕ್ಕಿತ್ತು. ಎಳೆದರು. ಗಂಟು ಬಂತು. ಕೇವಡಾ ವಾಸನೆ ಅಂಗಳವೆಲ್ಲ ಹರಡಿತು. ಯಾಕೆ ಹೀಗೆ ಮಾಡಿದಿರಿ ಎಂದು ಅವರು ಮೆಲ್ಲಗೆ ಕೇಳಿದರು.

ಮುನೀಮರು ಗೋಡೆಯ ಮೇಲಿನ ಡಬ್ಬಿಯ ಕಡೆಗೆ ಕೈ ಮಾಡಿದರು.

"ಡಬ್ಬಿ ಒಯ್ತೀವಿ ಅಂದ್ರು. ಡಬ್ಬಿ ಹೋದ್ರ ನೀವು ಬರಂಗಿಲ್ಲ. ನಮ್ಮನಿಗಿ ಮತ್ಯಾರೂ ಬರಂಗಿಲ್ರಿ. ಒಬ್ಬಾಂವನೇ ಇದ್ದು ಇದ್ದು ಜೀವ ಹೋದಂಗ ಆಗ್ತದ."

ದೇವಿದಾಸರು ಅಷ್ಟು ದಿನದಲ್ಲಿ ಮೊದಲ ಸಲ ಆ ಸ್ಟೂಲಿನ ಮೇಲೆ ಕೂತರು. ಅಗೆದ ಓಣಿಯನ್ನು ಒಂದು ಸಲ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ನನ್ನ ಸಲುವಾಗಿ ಇಷ್ಟೆಲ್ಲ ಅಗೆಸಿದಿರೇನು ಎಂದು ಕೇಳಿದರು. ಮುನೀಮರು ಹೌದೆಂದರು. ನಾನು ದಿನವೂ ಅಷ್ಟು ಪ್ರೀತಿಯಿಂದ ನೀರು ಕೊಟ್ಟೆ, ನೀವು ಒಂದು ದಿನವೂ ಮುಟ್ಟಲಿಲ್ಲ, ನಮ್ಮ ನೀರು ಅಷ್ಟು ಕೆಟ್ಟದ್ದೇನು ಎಂದು ತಾವೂ ಕೇಳಿದರು.

"ನಿಮ್ಮ ನೀರಿಗಿ ಏನೂ ಆಗಿಲ್ರಿ," ಅಂದರು ದೇವಿದಾಸ. "ಕೊಟ್ಟಿದ್ದು ಖರೇ. ಯಾವ ಲೋಟದಾಗ ಕೊಟ್ರಿ?"

ಮುನೀಮರು ತಮ್ಮ ಕೈ ನೋಡಿಕೊಂಡರು. ಮೊಳೆಯ ಲೋಟ ಕೈಯಲ್ಲೇ ಇತ್ತು. ಹಿತ್ತಾಳೆಯದು ಹರವಿಯ ಮೇಲೆ ಹೊಳೆಯುತ್ತಿತ್ತು. ತಮ್ಮ ಕೈ ಅದನ್ನು ಬಿಟ್ಟು ಇದಕ್ಕೆ ಯಾವಾಗ ಹೋಯಿತು, ಯಾಕೆ ಹೋಯಿತು ಎಂದು ಅವರು ಈವರೆಗೆ ಒಮ್ಮೆಯೂ ಯೋಚಿಸಿರಲಿಲ್ಲ.

"ಅದು ಅವ್ವ ಇಟ್ಟಿದ್ಳರಿ," ಅಂದರು.

"ಅವ್ವ ಹೋಗಿ ವರ್ಷ ಆತಲ್ರಿ."

ದೇವಿದಾಸರು ಗಂಟನ್ನು ಹಿಂಡಿ ಅಂಗಿಯ ಜೇಬಿಗೆ ಹಾಕಿಕೊಂಡರು, ನಳ ತಿರುಗಿಸಿ ಬಿಗಿ ಮಾಡಿದರು, ಎಂದಿನಂತೆ ಬರ್ತೀನ್ರಿ ಎನ್ನದೆ ಹೋದರು. ಮುನೀಮರು ಲೋಟ ಹಿಡಿದುಕೊಂಡು ನಿಂತೇ ಇದ್ದರು. ಅವರಿಗೆ ಬಹಳ ನಾಚಿಕೆಯಾಯಿತು.

ಮರುದಿನ ದೊಡ್ಡ ಸಾಹೇಬರ ಎದುರಿಗೆ ಹನಿ ಬಿತ್ತು, ಮುನೀಮರ ನೀರು ಓಣಿಯ ಉಳಿದ ನೀರಿನಂತೆ ಚೆನ್ನಾಗಿ ಹಳದಿಯಾಯಿತು. ಎಲ್ಲರೂ ಒಂದು ಕ್ಷಣ ಗುರುನಾಥ ಸಾಹೇಬರ ಮುಖ ನೋಡಿದರು. ಅವರು ಹೆದರಲಿಲ್ಲ. ಚೌಕದ ಜೋಡಣೆ ರಿಪೇರಿಯಾಯಿತು, ಆದ್ದರಿಂದ ಇಲ್ಲಿ ನೀರು ಸರಿಯಾಯಿತು, ಡಬ್ಬಿ ಅದನ್ನೇ ಹೇಳುತ್ತಿದೆ ಅಂದರು. ದೊಡ್ಡ ಸಾಹೇಬರು ಕೈ ಕುಲುಕಿದರು. ಸರ್ಕಾರದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾವ ತಪ್ಪೂ ಮುಗಿದದ್ದನ್ನು ನಾವು ಕಂಡಿಲ್ಲ. ದೇವಿದಾಸರು ಹಿಂದೆ ನಿಂತಿದ್ದರು, ಬಾಯಿ ತೆಗೆಯಲಿಲ್ಲ. ಅವರ ಜೇಬಿನಿಂದ ಇನ್ನೂ ಕೇವಡಾ ವಾಸನೆ ಬರುತ್ತಿತ್ತು. ಅಳಿಯನಿಗೆ ಇಂಥ ಅತ್ತರು ಬೇಕಾಗಿತ್ತು, ಎಲ್ಲಿ ತಂದಿರಿ ಎಂದು ದೊಡ್ಡ ಸಾಹೇಬರ ಡ್ರೈವರು ಅವರನ್ನು ಕೇಳಿದ.

ಡಬ್ಬಿಯನ್ನು ಚೌಕಕ್ಕೆ ಒಯ್ದರು. ಎಲ್ಲ ಓಣಿಗಳ ಕೊಳವೆ ಒಡೆಯುವುದು ಅಲ್ಲಿಂದಲೇ, ಚರಂಡಿ ಹಾಯುವುದೂ ಅಲ್ಲಿಯೇ, ಅಲ್ಲಿ ಹೊಲಸು ಸೇರಿದರೆ ಮನೆಮನೆಗೆ ಮುಟ್ಟುವ ಮೊದಲೇ ಗೊತ್ತಾಗುತ್ತದೆ. ಅದೇ ಸರಿಯಾದ ಜಾಗ ಎಂದು ಈಗ ಎಲ್ಲರೂ ಒಪ್ಪಿದರು. ಮುನೀಮರ ಗೋಡೆಯ ಮೇಲೆ ಮೊಳೆಯ ತೂತುಗಳು ಉಳಿದವು. ಮೋಟಾರು ಕಳೆದುಕೊಂಡ ಬಕ್ಕಪ್ಪ ಅವರಿಗೆ ಸಾಮಾನು ಕೊಡುವಾಗಲೂ ಮಾತಾಡಲಿಲ್ಲ. ಖುರ್ಷೀದ್ ಬೇಗಂ ಬಾಗಿಲ ಪರದೆ ಸರಿಸಲಿಲ್ಲ. ಮುನೀಮರು ಒಂದಷ್ಟು ದಿನ ರೇಡಿಯೋವನ್ನೂ ಹಚ್ಚಲಿಲ್ಲ. ಬೆಳಿಗ್ಗೆ ಸೈಕಲ್ಲಿನ ಗಂಟೆ ದೂರದಲ್ಲಿ ಕೇಳಿದರೆ ಎದ್ದು ಬಾಗಿಲಿಗೆ ಬರುತ್ತಿದ್ದರು, ಆಮೇಲೆ ಒಳಗೆ ಹೋಗುತ್ತಿದ್ದರು.

ಒಂದು ದಿನ ಅವರು ಸುತ್ತಿಗೆ ತಂದು ಬೇವಿನ ಮೊಳೆ ಕೀಳಲು ಹೊರಟರು. ತೊಗಟೆ ಅದರ ಸುತ್ತ ಬೆಳೆದುಬಿಟ್ಟಿತ್ತು. ಬೆವರು ಸುರಿಸಿ, ಹೆಬ್ಬೆರಳು ಜಜ್ಜಿಕೊಂಡು, ಕಡೆಗೆ ಕಿತ್ತರು. ಅಲ್ಯುಮಿನಿಯಂ ಲೋಟವನ್ನು ಗುಜರಿಯವನಿಗೆ ಹಾಕಿದರು. ಅವನ ತಕ್ಕಡಿಯಲ್ಲಿ ಅದು ಏನೂ ತೂಗಲಿಲ್ಲ. ಆಮೇಲೆ ಹರವಿಯ ಮುಂದೆ ಕೂತು ಬಹಳ ವಿಚಾರ ಮಾಡಿದರು. ಓಣಿಯ ತುದಿಗೆ ಇಟ್ಟರೆ ಯಾರೂ ಬರುವುದಿಲ್ಲ. ಮಂದಿ ಕೂಡುವ ಕಡೆ ಇಡಬೇಕು. ಇಷ್ಟು ಸಣ್ಣ ಮಾತಿಗೆ ಪುಣೆಯ ತರಬೇತಿ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮುನೀಮರು ತಳ್ಳುಗಾಡಿಯ ಮೇಲೆ ಹರವಿ, ಸ್ಟೂಲು, ಹಿತ್ತಾಳೆಯ ಲೋಟ ಹೇರಿಕೊಂಡು ಹೊಸ ಡಾಂಬರಿನ ಮೇಲೆ ಚೌಕಕ್ಕೆ ಹೊರಟದ್ದನ್ನು ಓಣಿ ಕಿಟಕಿಗಳಿಂದ ನೋಡಿತು. ಈಗ ಊರಿಗೆಲ್ಲ ಆ ನೀರು ಕುಡಿಸಲು ಹೊರಟರು ಎಂದ ಬಕ್ಕಪ್ಪ. ಮುನೀಮರು ಡಬ್ಬಿಯ ಕಂಬದ ಪಕ್ಕದಲ್ಲಿ ಹರವಿ ಇಟ್ಟು, ಬಟ್ಟೆ ಒದ್ದೆ ಮಾಡಿ, ಸ್ಟೂಲಿನ ಮೇಲೆ ಕೂತರು. ಆಟೋದವರು ನೋಡಿ ನಕ್ಕರು, ಯಾರೂ ಬರಲಿಲ್ಲ.

ದೇವಿದಾಸರು ಬಂದರು. ಸೈಕಲ್ ನಿಲ್ಲಿಸಿದರು. ಡಬ್ಬಿ ನೋಡಿದರು, ನೀರಿಲ್ಲ ಎಂದು ಬರೆದುಕೊಂಡರು, ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಆಮೇಲೆ ಹರವಿಯನ್ನು ನೋಡಿದರು. ಕಂಬವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಕಂಬಕ್ಕೆ ಮೊಳೆ ಇರಲಿಲ್ಲ. ಮುನೀಮರು ಈ ಸಲ ಬರ್ರಿ ಎನ್ನಲಿಲ್ಲ, ಏಳಲೂ ಇಲ್ಲ. ಏನೂ ಮಾಡದೆ ಕೂತಿರುವುದು ಎಷ್ಟು ಕಷ್ಟ ಎಂದು ಅವರ ಮುಖವೇ ಹೇಳುತ್ತಿತ್ತು.

ದೇವಿದಾಸರು ತಾವೇ ಮುಚ್ಚಳ ತೆಗೆದು, ಹಿತ್ತಾಳೆಯ ಲೋಟ ಅದ್ದಿ, ತುಟಿಗೆ ಹಚ್ಚಿ, ನಿಧಾನವಾಗಿ ಪೂರ್ತಿ ಕುಡಿದರು.

"ಹ್ಯಾಂಗ ಅದರಿ?" ಮುನೀಮರಿಗೆ ತಡೆಯಲಾಗಲಿಲ್ಲ.

"ನೀರಿನಂಗ ಅದರಿ."

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ ಎಂದು ಮುನೀಮರಿಗೆ ಅನ್ನಿಸಿತು. ಬಿಸಿಲಲ್ಲಿ ಗಾಡಿ ತಳ್ಳಿ ಅವರಿಗೂ ಬಾಯಾರಿತ್ತು. ದೇವಿದಾಸರ ಕೈಯಿಂದ ಲೋಟ ತೆಗೆದುಕೊಂಡು, ತೊಳೆಯುವುದು ನೆನಪಾಗದೆ, ಅದೇ ಲೋಟದಲ್ಲಿ ತಾವೂ ಗಟಗಟ ಕುಡಿದು ತೋಳಿನಿಂದ ಬಾಯಿ ಒರೆಸಿಕೊಂಡರು. ದೇವಿದಾಸರು ಸೈಕಲ್ಲಿನ ಹಿಡಿಕೆ ಹಿಡಿದು ಅದನ್ನೇ ನೋಡುತ್ತಿದ್ದರು. ಆಮೇಲೆ ಸೈಕಲ್ ಹತ್ತಿದರು. ಹತ್ತು ಮಾರು ಹೋಗಿ, ಒಂದು ಕಾಲು ನೆಲಕ್ಕೆ ಊರಿ ಹಿಂದೆ ತಿರುಗಿದರು.

"ಬರ್ತೀನ್ರಿ, ಮುನೀಮ್ರೇ," ಅಂದರು.